ಏಳನೇ ನಂಬರ್ ಗ್ಲೌಸ್: ಒಂದು ಸೀಸನ್ ಆಡಿದ ಮೇಲೆ

ನಾನು ಫುಟ್‌ಬಾಲ್ ಗೋಲ್‌ಕೀಪರ್. ವಯಸ್ಸು 31. ಹೈಸ್ಕೂಲಿನಲ್ಲಿ ಶುರುವಾಗಿದ್ದು. ಆಮೇಲೆ ಕಾಲೇಜು ತಂಡ, ಯೂನಿವರ್ಸಿಟಿ ತಂಡ, ಈಗ ಬೆಂಗಳೂರಿನ ಒಂದು ಮಹಿಳಾ ಕ್ಲಬ್. ಹಗಲು ರಾಜಾಜಿನಗರದ ಶಾಲೆಯೊಂದರಲ್ಲಿ ಪಿಟಿ ಟೀಚರ್ ಕೆಲಸ, ಸಂಜೆ ಪ್ರಾಕ್ಟೀಸ್. ಮೊನ್ನೆ ಸೀಸನ್ ಮುಗಿದ ದಿನ ಮಂಚದ ಕೆಳಗಿನ ಡಬ್ಬ ಎಳೆದು, ಹಳೇ ಗ್ಲೌಸ್‌ಗಳನ್ನೆಲ್ಲ ನೆಲದ ಮೇಲೆ ಹರಡಿ ಎಣಿಸಿದೆ. 14 ಜೊತೆ. ಅದರಲ್ಲಿ 13 ಜೊತೆ ನನ್ನ ಕೈಗಿಂತ ದೊಡ್ಡವು. ಹದಿನಾಲ್ಕನೆಯದೊಂದೇ ಸರಿಯಾಗಿ ಕೂತಿದ್ದು. ಆ ಜೊತೆಯ ಬಗ್ಗೆ ಬರೆಯಬೇಕು ಅಂತ ಅವತ್ತೇ ಅನ್ನಿಸಿತು.

ಕಂಪನಿಯ ಹೆಸರು ಬರೆಯುವುದಿಲ್ಲ. ಒಂದೇ ಹೆಸರಿನಲ್ಲಿ ವರ್ಷಕ್ಕೊಂದು ಮಾಡೆಲ್ ಬರುತ್ತದೆ, ಒಳಗಿನ ಮಾಲು ಬದಲಾಗಿರುತ್ತದೆ. ಹೆಸರು ನೋಡಿ ತಗೊಂಡು ನಿಮ್ಮ ದುಡ್ಡು ಹಾಳಾಗುವುದು ಬೇಡ. ಕೈಗೆ ಹಾಕಿಕೊಂಡಾಗ ಏನೇನು ನೋಡಬೇಕು, ಒಂದು ಸೀಸನ್‌ನಲ್ಲಿ ಏನು ಉಳಿಯಿತು, ಏನು ಹರಿಯಿತು, ಅದನ್ನು ಹೇಳುತ್ತೇನೆ. ಮಗಳು ಗೋಲ್‌ಕೀಪಿಂಗ್ ಆಡುತ್ತಾಳೆ ಅನ್ನುವ ಅಪ್ಪ ಅಮ್ಮಂದಿರು ದಯವಿಟ್ಟು ಪೂರ್ತಿ ಓದಿ.

ಮೊದಲು ಸೈಜಿನ ವಿಷಯ. ಅಂಗಡಿಗಳಲ್ಲಿ ಸಾಮಾನ್ಯವಾಗಿ ಇರುವುದು 8, 9, 10. ಮಕ್ಕಳದ್ದು ಅಂತ ಇರುವ 4, 5 ಆಟಿಕೆ ಥರ, ಅಂಗೈಯಲ್ಲಿ ಹಿಡಿತವೇ ಇರುವುದಿಲ್ಲ. ನಡುವಿನ 6 ಮತ್ತು 7 ಕೇಳಿದರೆ "ಆರ್ಡರ್ ಹಾಕಬೇಕು" ಅನ್ನುತ್ತಾರೆ. ನನಗೆ ಬೇಕಾಗಿದ್ದು 7. ಇಷ್ಟು ವರ್ಷ ನಾನು ಹಾಕಿದ್ದು 8, ಒಮ್ಮೊಮ್ಮೆ 9. "ಪರವಾಗಿಲ್ಲ, ಪಟ್ಟಿ ಬಿಗಿ ಮಾಡ್ಕೋ" ಅಂತ ಎಲ್ಲರೂ ಹೇಳುತ್ತಿದ್ದರು. ನಾನೂ ಹಾಗೇ ಮಾಡುತ್ತಿದ್ದೆ. ಮಣಿಕಟ್ಟಿನ ಹತ್ತಿರ ಎರಡು ಸುತ್ತು ಟೇಪ್ ಸುತ್ತಿ, ಅದರ ಮೇಲೆ ಪಟ್ಟಿ ಎಳೆದು ಕಟ್ಟುತ್ತಿದ್ದೆ. ಗ್ಲೌಸ್ ಕೈಯಿಂದ ಜಾರುತ್ತಿರಲಿಲ್ಲ, ನಿಜ. ಆದರೆ ಬೆರಳ ತುದಿಯಲ್ಲಿ ಒಂದೂವರೆ ಸೆಂಟಿಮೀಟರ್ ಖಾಲಿ ಇರುತ್ತಿತ್ತು. ಚೆಂಡು ಮೊದಲು ತಗಲುವುದು ಆ ಖಾಲಿ ಜಾಗಕ್ಕೇ. ಖಾಲಿ ತುದಿ ಹಿಂದಕ್ಕೆ ಮಡಚಿಕೊಳ್ಳುತ್ತದೆ, ಚೆಂಡು ಮುಂದಕ್ಕೆ ಚಿಮ್ಮುತ್ತದೆ.

ಇದರಿಂದ ನನಗೆ ಆಗಿದ್ದೇನು ಅಂದರೆ, ಹದಿನೈದು ವರ್ಷ ನಾನು ಕ್ರಾಸ್ (ಪಕ್ಕದಿಂದ ಗೋಲ್ ಮುಂದಕ್ಕೆ ಎತ್ತಿ ಒದೆಯುವ ಚೆಂಡು) ಹಿಡಿಯಲಾಗದ ಕೀಪರ್ ಅಂತಲೇ ಬೆಳೆದೆ. ಕಾರ್ನರ್, ಅಂದರೆ ಮೈದಾನದ ಮೂಲೆಯಿಂದ ಒದೆಯುವ ಚೆಂಡು, ಬಂದರೆ ಪಂಚ್. ಎತ್ತರದ ಚೆಂಡು ಯಾವುದೇ ಬರಲಿ, ಮುಷ್ಟಿ ಕಟ್ಟಿ ಗುದ್ದುವುದು. ಯೂನಿವರ್ಸಿಟಿ ತಂಡದ ಆಯ್ಕೆಯ ಸಮಯದಲ್ಲಿ ನನ್ನ ಹೆಸರಿನ ಮುಂದೆ "ಹ್ಯಾಂಡ್ಲಿಂಗ್ ವೀಕ್" ಅಂತ ಬರೆದಿದ್ದನ್ನು ಕಣ್ಣಾರೆ ನೋಡಿದ್ದೆ. ಅದನ್ನು ನಂಬಿದೆ. ನನ್ನ ಕೈಯೇ ಸರಿ ಇಲ್ಲ ಅಂದುಕೊಂಡೆ. ಮನೆಯಲ್ಲಿ ರಾತ್ರಿ ಒದ್ದೆ ಟವೆಲ್ ಹಿಂಡಿ ಹಿಂಡಿ ಮುಂಗೈಗೆ ಬಲ ಬರಿಸಿಕೊಂಡೆ. ಅಕ್ಕಿ ಡಬ್ಬದಲ್ಲಿ ಕೈ ಹೂತು ಬೆರಳು ಬಿಡಿಸುವ ವ್ಯಾಯಾಮ ಮಾಡಿದೆ. ಅದೆಲ್ಲ ಒಳ್ಳೆಯದೇ, ಈಗಲೂ ಮಾಡುತ್ತೇನೆ. ಆದರೆ ತಪ್ಪು ಇದ್ದಿದ್ದು ಬೇರೆ ಕಡೆ.

ಕಳೆದ ವರ್ಷ ಮೇ ಕೊನೆಯಲ್ಲಿ ಶಿವಾಜಿನಗರದ ಕಡೆ ಇರುವ ಒಂದು ಹಳೇ ಸ್ಪೋರ್ಟ್ಸ್ ಅಂಗಡಿಗೆ ಹೋದೆ. ಅದಕ್ಕೆ ಮೊದಲು ಆನ್‌ಲೈನ್‌ನಲ್ಲಿ ತರಿಸಿದ್ದ ಒಂದು ಜೊತೆ ಮೂರೇ ವಾರಕ್ಕೆ ಅಂಗೈ ಸಿಪ್ಪೆ ಸುಲಿದ ಹಾಗೆ ಎದ್ದಿತ್ತು. ಅಂಗಡಿ ಚಿಕ್ಕದು. ಮೇಲೆ ಕೇರಂ ಬೋರ್ಡ್‌ಗಳು, ಕೆಳಗೆ ಬಲೆ, ಶಟಲ್ ಡಬ್ಬಿಗಳು, ನಡುವೆ ಒಬ್ಬರು ಮಾತ್ರ ನಿಲ್ಲುವಷ್ಟು ಜಾಗ. ಕೌಂಟರಿನ ಹಿಂದೆ ಅರವತ್ತು ದಾಟಿದ ಯಜಮಾನರು.

"ಏನಮ್ಮಾ, ತಮ್ಮನಿಗಾ?" ಅಂದರು.

"ನನಗೇ ಸರ್."

ಅವರು ಕನ್ನಡಕ ತೆಗೆದು ನನ್ನ ಕೈ ನೋಡಿದರು. ಡ್ರಾಯರಿನಿಂದ ದರ್ಜಿಗಳ ಟೇಪು ತೆಗೆದು, ಹೆಬ್ಬೆರಳು ಬಿಟ್ಟು ಅಂಗೈ ಸುತ್ತ ಅಳೆದರು. ಆಮೇಲೆ ಮಣಿಕಟ್ಟಿನಿಂದ ನಡುಬೆರಳ ತುದಿವರೆಗೆ. ಇಷ್ಟು ವರ್ಷದಲ್ಲಿ ಗ್ಲೌಸ್‌ಗೆ ಅಂತ ನನ್ನ ಕೈಯನ್ನು ಯಾರಾದರೂ ಅಳೆದಿದ್ದು ಅದೇ ಮೊದಲು. "ನಿಮ್ಮದು ಏಳು. ಎಂಟು ಹಾಕ್ತಾ ಇದ್ದೀರಲ್ವಾ? ಬೆರಳು ಒಳಗೆ ಓಡಾಡುತ್ತೆ, ಅಲ್ವಾ?" ಅಂದರು. ನಾನು ಏನೂ ಹೇಳಿರಲೇ ಇಲ್ಲ. ನನ್ನ ಬೆರಳ ಗೆಣ್ಣುಗಳ ಮೇಲಿದ್ದ ಉಜ್ಜಿದ ಕಲೆ ನೋಡಿಯೇ ಅವರಿಗೆ ಗೊತ್ತಾಗಿತ್ತು. ಯಾವುದೋ ಶಾಲೆಯ ಆರ್ಡರಿನಲ್ಲಿ ಬಂದು ಉಳಿದಿದ್ದ ಒಂದೇ ಒಂದು ಏಳನೇ ನಂಬರ್ ಜೊತೆಯನ್ನು ಮೇಲಿನ ಅಟ್ಟದಿಂದ ಹುಡುಗನ ಕೈಲಿ ಇಳಿಸಿದರು. ಪೆಟ್ಟಿಗೆ ಮೇಲೆ 2,850 ರೂಪಾಯಿ. ನನಗೆ 2,600ಕ್ಕೆ ಕೊಟ್ಟರು.

ಕೊಡುವ ಮೊದಲು ಒಂದು ಚೆಂಡು ಕೈಗಿಟ್ಟು, "ಮೇಲಿಂದ ಹಿಡೀರಿ, ಒಂದೇ ಕೈಯಲ್ಲಿ" ಅಂದರು. ಐದು ಬೆರಳೂ ಚೆಂಡಿಗೆ ಹತ್ತಿ ನಿಂತವು. ಆ ಕ್ಷಣ ಅಂಗಡಿಯಲ್ಲೇ ಕಣ್ಣು ತುಂಬಿ ಬಂತು.

ಈಗ ಗ್ಲೌಸ್ ಹೇಗಿದೆ ಅಂತ ಹೇಳುತ್ತೇನೆ.

ಅಂಗೈ ಕಡೆ 4 ಮಿಲಿಮೀಟರ್ ಲ್ಯಾಟೆಕ್ಸ್ ಫೋಮ್. ನಮ್ಮಲ್ಲಿ ಸಿಗುವ ಅಗ್ಗದ ಗ್ಲೌಸ್‌ಗಳಲ್ಲಿ ನುಣುಪಾದ ರಬ್ಬರ್ ಇರುತ್ತದೆ. ಅದು ಬಾಳಿಕೆ ಬರುತ್ತದೆ, ಆದರೆ ಚೆಂಡು ಅಂಟುವುದಿಲ್ಲ. ಲ್ಯಾಟೆಕ್ಸ್ ಇದಕ್ಕೆ ಉಲ್ಟಾ. ಚೆಂಡು ಅಂಟುತ್ತದೆ, ಆದರೆ ಬೇಗ ಸವೆಯುತ್ತದೆ. ಎರಡೂ ಒಟ್ಟಿಗೆ ಸಿಗುವ ಗ್ಲೌಸ್ ಇಲ್ಲ. ಯಾರಾದರೂ ಇದೆ ಅಂದರೆ ನಂಬಬೇಡಿ.

ಹೊಲಿಗೆ ನೆಗೆಟಿವ್ ಕಟ್. ಅಂದರೆ ಬೆರಳುಗಳ ಹೊಲಿಗೆ ಒಳಗಡೆ ಬರುತ್ತದೆ, ಗ್ಲೌಸ್ ಚರ್ಮದ ಹಾಗೆ ಬೆರಳಿಗೆ ಅಂಟಿ ಕೂರುತ್ತದೆ. ಫ್ಲಾಟ್ ಕಟ್‌ನಲ್ಲಿ ಹೊಲಿಗೆ ಹೊರಗೆ, ಬೆರಳು ಅಗಲ, ಒಳಗೆ ಗಾಳಿ ಆಡುತ್ತದೆ. ರೋಲ್ ಕಟ್‌ನಲ್ಲಿ ಲ್ಯಾಟೆಕ್ಸ್ ಬೆರಳ ಸುತ್ತ ಸುತ್ತಿಕೊಂಡಿರುತ್ತದೆ. ದಪ್ಪ ಬೆರಳಿನವರಿಗೆ ರೋಲ್ ಅಥವಾ ಫ್ಲಾಟ್ ಚೆನ್ನ. ನನ್ನ ಹಾಗೆ ತೆಳ್ಳನೆಯ, ಉದ್ದ ಕಡಿಮೆ ಇರುವ ಬೆರಳಿನವರು ನೆಗೆಟಿವ್ ಕಟ್ ಹಾಕಿ ನೋಡಿ. ಹಾಕಿಕೊಂಡಾಗ ಬೆರಳ ತುದಿಗೂ ಗ್ಲೌಸ್ ತುದಿಗೂ ನಡುವೆ ಅರ್ಧ ಸೆಂಟಿಮೀಟರ್, ಹೆಚ್ಚೆಂದರೆ ಒಂದು ಸೆಂಟಿಮೀಟರ್ ಜಾಗ ಇರಬೇಕು. ಪೂರ್ತಿ ತಾಗಿದರೂ ತಪ್ಪು, ಹೊಲಿಗೆ ಬೇಗ ಬಿಡುತ್ತದೆ.

ಇನ್ನು ಬೆರಳ ಹಿಂದೆ ಹಾಕುವ ಪ್ಲಾಸ್ಟಿಕ್ ಕಡ್ಡಿಗಳು. ಬೆರಳು ಹಿಂದಕ್ಕೆ ಮಡಚದಂತೆ ತಡೆಯಲು ಇವನ್ನು ಇಡುತ್ತಾರೆ. ತಂದೆ ತಾಯಿಯರು ಇದನ್ನೇ ಮೊದಲು ಕೇಳುತ್ತಾರೆ, ಮಗುವಿನ ಬೆರಳು ಮುರಿಯಬಾರದು ಅಂತ. ನನ್ನ ಉಂಗುರದ ಬೆರಳು 22ನೇ ವಯಸ್ಸಿನಲ್ಲಿ ಮುರಿದಿದೆ, ಆ ಭಯ ನನಗೆ ಚೆನ್ನಾಗಿ ಗೊತ್ತು. ಆದರೂ ನಾನು ಕಡ್ಡಿ ತೆಗೆದು ಆಡುತ್ತೇನೆ. ಕಡ್ಡಿ ಇದ್ದರೆ ಬೆರಳು ಮುಂದಕ್ಕೆ ಬಾಗುವುದೂ ಕಷ್ಟ. ಚೆಂಡಿನ ಉಬ್ಬನ್ನು ಬೆರಳು ತಬ್ಬಿಕೊಳ್ಳುವುದಿಲ್ಲ, ಹಲಗೆ ಹಿಡಿದ ಹಾಗಿರುತ್ತದೆ. ಚಿಕ್ಕ ಮಕ್ಕಳಿಗೆ ಹಿಡಿಯುವ ರೀತಿ ಕೈಗೆ ಬರುವ ಮೊದಲೇ ಕಡ್ಡಿ ಹಾಕಿದರೆ ಆ ರೀತಿ ಬರುವುದೇ ಇಲ್ಲ. ಇದು ನನ್ನ ಅನುಭವದ ಮಾತು. ಮುರಿದ ಬೆರಳಿಗೆ ಪಕ್ಕದ ಬೆರಳು ಸೇರಿಸಿ ಬಿಳಿ ಟೇಪ್ ಸುತ್ತಿದರೆ ನನಗೆ ಸಾಕಾಗಿದೆ. ಈ ಗ್ಲೌಸ್‌ನಲ್ಲಿ ಕಡ್ಡಿಗಳನ್ನು ಜಿಪ್ ತೆಗೆದು ಹೊರಗೆ ಎಳೆಯಬಹುದು. ಬೇಕಾದವರು ಇಟ್ಟುಕೊಳ್ಳಬಹುದು, ಅದು ಒಳ್ಳೆಯದು.

ಮೊದಲ ದಿನ ಹಾಕುವ ಮುಂಚೆ ಉಗುರುಬೆಚ್ಚಗಿನ ನೀರಲ್ಲಿ ಐದು ನಿಮಿಷ ಅದ್ದಿ ತೊಳೆದೆ. ಹೊಸ ಲ್ಯಾಟೆಕ್ಸ್ ಮೇಲೆ ತಯಾರಿಕೆಯ ಅಂಶ ಉಳಿದಿರುತ್ತದೆ, ಅದು ಹೋಗದೆ ಹಿಡಿತ ಬರುವುದಿಲ್ಲ. ಪ್ರತಿ ಸಲ ಆಡುವ ಮುಂಚೆಯೂ ಅಂಗೈ ಸ್ವಲ್ಪ ಒದ್ದೆ ಮಾಡಬೇಕು. ಟಿವಿಯಲ್ಲಿ ಕೀಪರ್‌ಗಳು ಗ್ಲೌಸ್‌ಗೆ ಉಗುಳುವುದನ್ನು ನೋಡಿರುತ್ತೀರಿ. ಅದು ಇದಕ್ಕೇ. ನಾನು ಗೋಲ್ ಕಂಬದ ಪಕ್ಕ ಒಂದು ನೀರಿನ ಬಾಟಲಿ ಇಟ್ಟಿರುತ್ತೇನೆ. ಪೂರ್ತಿ ನೆನೆಸಬಾರದು, ತೇವ ಸಾಕು.

ತೊಳೆಯುವುದು ಇನ್ನೂ ಮುಖ್ಯ. ಆಡಿ ಬಂದ ಮೇಲೆ ಬಟ್ಟೆ ಸೋಪಿನ ಪುಡಿ ಹಾಕಬೇಡಿ. ಸ್ವಲ್ಪವೇ ಶಾಂಪೂ, ಉಗುರುಬೆಚ್ಚಗಿನ ನೀರು. ಕೈಗೆ ಹಾಕಿಕೊಂಡೇ ಒಂದು ಅಂಗೈ ಇನ್ನೊಂದಕ್ಕೆ ಮೆಲ್ಲಗೆ ಉಜ್ಜಿ. ಹಿಂಡಬೇಡಿ, ಒತ್ತಿ ನೀರು ತೆಗೆಯಿರಿ. ಬಿಸಿಲಿಗೆ ಹಾಕಬೇಡಿ, ಲ್ಯಾಟೆಕ್ಸ್ ಒಣಗಿ ಬಿರುಕು ಬಿಡುತ್ತದೆ. ನಮ್ಮಮ್ಮ ಒಂದು ಸಲ ಪ್ರೀತಿಯಿಂದ ನನ್ನ ಆರನೇ ಜೊತೆಯನ್ನು ಟೆರೇಸಿನ ಬಿಸಿಲಲ್ಲಿ ಕ್ಲಿಪ್ ಹಾಕಿ ಒಣಗಿಸಿದ್ದರು. ಸಂಜೆಗೆ ಹಪ್ಪಳದ ಹಾಗೆ ಗರಿಗರಿಯಾಗಿತ್ತು. ಈಗ ಅಡುಗೆಮನೆ ಕಿಟಕಿಯ ಒಳಗಡೆ, ನೆರಳಲ್ಲಿ, ಬೆರಳು ಮೇಲೆ ಮಾಡಿ ಇಡುತ್ತೇವೆ. ಎರಡು ಅಂಗೈ ಒಂದಕ್ಕೊಂದು ತಾಗಿಸಿ ಬ್ಯಾಗಿನಲ್ಲಿ ತುರುಕಬೇಡಿ, ಅಂಟಿಕೊಂಡು ಬಿಡಿಸುವಾಗ ಕಿತ್ತು ಬರುತ್ತದೆ. ಜೂನ್‌ನಿಂದ ಮಳೆ ಹಿಡಿದರೆ ಎರಡು ದಿನವಾದರೂ ಒಣಗುವುದಿಲ್ಲ, ವಾಸನೆ ಬರುತ್ತದೆ. ಅದಕ್ಕೆ ಒಳಗೆ ಹಳೇ ಪೇಪರ್ ಉಂಡೆ ಮಾಡಿ ತುರುಕಿ, ಫ್ಯಾನ್ ಕೆಳಗೆ ಇಡುವುದು.

ಈಗ ದೂರು. ಬೆಂಗಳೂರಿನಲ್ಲಿ ನಾವು ಆಡುವುದು ಬಹುತೇಕ ಕೃತಕ ಹುಲ್ಲಿನ ಮೇಲೆ. ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂ ಕೂಡ ಅದೇ, ಬಾಡಿಗೆಯ ಟರ್ಫ್‌ಗಳೂ ಅದೇ. ಆ ಪ್ಲಾಸ್ಟಿಕ್ ಹುಲ್ಲು, ಅದರ ನಡುವಿನ ಕಪ್ಪು ರಬ್ಬರ್ ಕಾಳು, ಎರಡೂ ಲ್ಯಾಟೆಕ್ಸ್‌ಗೆ ಉಪ್ಪುಕಾಗದ ಇದ್ದ ಹಾಗೆ. ಹತ್ತನೇ ಪ್ರಾಕ್ಟೀಸಿಗೆ ಅಂಗೈ ಬುಡದಲ್ಲಿ ಲ್ಯಾಟೆಕ್ಸ್ ಉದುರಲು ಶುರುವಾಯಿತು. ಮೂರನೇ ತಿಂಗಳಿಗೆ ಎಡ ಅಂಗೈಯಲ್ಲಿ ಎಂಟಾಣೆ ಅಗಲದ ತೂತು. ಸರಿಯಾಗಿ ನೋಡಿದಾಗ ಗೊತ್ತಾಯಿತು, ಬಿದ್ದಾಗ ಎಡಗೈ ಊರಿ ಏಳುವುದು ನನ್ನ ಅಭ್ಯಾಸ. ಡೈವ್ ಮಾಡಿ ಏಳುವಾಗ ಅಂಗೈ ಊರಬಾರದು, ಮುಷ್ಟಿ ಊರಿ ಏಳಬೇಕು. ಇದು ನನಗೆ ಮೊದಲೇ ಗೊತ್ತಿತ್ತು, ದೊಡ್ಡ ಗ್ಲೌಸ್‌ನಲ್ಲಿ ಮುಷ್ಟಿ ಸರಿಯಾಗಿ ಕಟ್ಟಲು ಆಗುತ್ತಿರಲಿಲ್ಲ, ಹಾಗಾಗಿ ಅಭ್ಯಾಸವಾಗಲೇ ಇಲ್ಲ. ಈಗ ಕಲಿತೆ. ಬಲ ಅಂಗೈ ಇನ್ನೂ ಚೆನ್ನಾಗಿದೆ.

ಕಂಪನಿಯ ತಪ್ಪು ಅಂತ ಹೇಳಬೇಕಾದ್ದು ಎರಡು. ಒಂದು, ಬಲ ಹೆಬ್ಬೆರಳಿನ ಬುಡದ ಹೊಲಿಗೆ ನಾಲ್ಕನೇ ತಿಂಗಳಿಗೇ ಬಿಟ್ಟಿತು. ನಮ್ಮ ಬೀದಿಯ ಚಪ್ಪಲಿ ಹೊಲಿಯುವವರ ಹತ್ತಿರ ನೈಲಾನ್ ದಾರದಲ್ಲಿ ಹೊಲಿಸಿದೆ, ನಲವತ್ತು ರೂಪಾಯಿ. ಆಮೇಲೆ ಬಿಟ್ಟಿಲ್ಲ. ಎರಡು, ಮಣಿಕಟ್ಟಿನ ಪಟ್ಟಿಯ ವೆಲ್ಕ್ರೋ. ಆರು ತಿಂಗಳಿಗೆ ಅದರ ಹಿಡಿತ ಹೋಯಿತು. ಆಡುವಾಗಲೇ ಬಿಟ್ಟುಕೊಳ್ಳುತ್ತದೆ. ಮೊದಲೆಲ್ಲ ಚೆಂಡು ಕೈಗೆ ಬಂದ ಮೇಲೆ ಕಂಕುಳಲ್ಲಿ ಇಟ್ಟುಕೊಂಡು ನಿಧಾನವಾಗಿ ಪಟ್ಟಿ ಸರಿ ಮಾಡಿಕೊಳ್ಳುತ್ತಿದ್ದೆ. 2025ರ ಹೊಸ ನಿಯಮದಲ್ಲಿ ಕೀಪರ್ 8 ಸೆಕೆಂಡಿಗಿಂತ ಜಾಸ್ತಿ ಚೆಂಡು ಹಿಡಿದುಕೊಂಡರೆ ಎದುರಾಳಿಗೆ ಕಾರ್ನರ್. ರೆಫರಿ ಕೊನೆಯ ಐದು ಸೆಕೆಂಡ್ ಕೈ ಎತ್ತಿ ಎಣಿಸುತ್ತಾರೆ. ಅಷ್ಟರಲ್ಲಿ ಪಟ್ಟಿ ಕಟ್ಟಿ, ಯಾರು ಖಾಲಿ ಇದ್ದಾರೆ ನೋಡಿ, ಎಸೆಯಲು ಆಗುವುದಿಲ್ಲ. 2,600 ರೂಪಾಯಿಯ ಗ್ಲೌಸ್‌ಗೆ ಒಂದು ಒಳ್ಳೆಯ ಪಟ್ಟಿ ಹಾಕಬಹುದಿತ್ತು.

ಇಷ್ಟೆಲ್ಲ ಆದರೂ ನಾನು ಈ ಗ್ಲೌಸ್‌ಗೆ ಹತ್ತಕ್ಕೆ ಎಂಟು ಕೊಡುತ್ತೇನೆ. ಕಾರಣ ಆಗಸ್ಟಿನ ಒಂದು ಸಂಜೆ.

ಅಶೋಕನಗರದಲ್ಲಿ ಪಂದ್ಯ. ಎರಡನೇ ಅರ್ಧದಲ್ಲಿ ಜೋರು ಮಳೆ. ನಾವು 1-0 ಮುಂದೆ. ಕೊನೆಯ ಹತ್ತು ನಿಮಿಷದಲ್ಲಿ ಎದುರಿನವರಿಗೆ ಸಾಲಾಗಿ ಮೂರು ಕಾರ್ನರ್. ಮೊದಲನೆಯದನ್ನು ಹಳೇ ಅಭ್ಯಾಸದಂತೆ ಗುದ್ದಿದೆ, ಚೆಂಡು ಬಾಕ್ಸಿನ ಅಂಚಿನಲ್ಲೇ ಬಿತ್ತು, ಹೊಡೆತ ಕಂಬದ ಹೊರಗೆ ಹೋಯಿತು. ಎರಡನೆಯದನ್ನು ನಮ್ಮ ಡಿಫೆಂಡರ್ ತಲೆ ಕೊಟ್ಟು ಹೊರಹಾಕಿದಳು. ಮೂರನೆಯದು ಬರುವಾಗ ಯಾಕೋ ಮುಷ್ಟಿ ಕಟ್ಟಲಿಲ್ಲ. "ಕೀಪರ್!" ಅಂತ ಕೂಗಿ, ಗೋಲ್ ಮುಂದಿನ ಸಿಕ್ಸ್ ಯಾರ್ಡ್ ಗೆರೆ ಹತ್ತಿರ ಎಲ್ಲರ ತಲೆ ಮೇಲೆ ಎದ್ದು, ಎರಡೂ ಕೈ ಚಾಚಿದೆ. ಹೆಬ್ಬೆರಳು, ತೋರುಬೆರಳು ಚೆಂಡಿನ ಹಿಂದೆ ಸೇರಿ ನಿಂತವು. ಒದ್ದೆ ಚೆಂಡು ಅಲ್ಲೇ ನಿಂತಿತು. ಎದೆಗೆ ಅಪ್ಪಿಕೊಂಡು ನೆಲಕ್ಕೆ ಬಿದ್ದೆ. ಮೇಲೆ ಇಬ್ಬರು ಬಿದ್ದರು. ಚೆಂಡು ನನ್ನ ಕೈಯಲ್ಲೇ ಇತ್ತು.

ನಮ್ಮ ಕೋಚ್ ಪಂದ್ಯ ಮುಗಿದ ಮೇಲೆ ಹತ್ತಿರ ಬಂದು, "ಇಷ್ಟು ದಿನ ಎಲ್ಲಿ ಇಟ್ಟಿದ್ದೆ ಇದನ್ನ?" ಅಂದರು. ನಾನು ಗ್ಲೌಸ್ ತೋರಿಸಿದೆ. ಅವರಿಗೆ ಅರ್ಥವಾಗಲಿಲ್ಲ. ಆಮೇಲೆ ಹಳೇ ಎಂಟನೇ ನಂಬರ್ ತಂದು ಅವರ ಕೈಗೆ ಕೊಟ್ಟು, ನನ್ನ ಬೆರಳಿಗೂ ಅದಕ್ಕೂ ಎಷ್ಟು ವ್ಯತ್ಯಾಸ ಅಂತ ತೋರಿಸಿದೆ. ಅವರು ತುಂಬಾ ಹೊತ್ತು ಸುಮ್ಮನಿದ್ದರು.

ಇದನ್ನೆಲ್ಲ ಇಷ್ಟು ಉದ್ದ ಯಾಕೆ ಬರೆಯುತ್ತಿದ್ದೇನೆ ಅಂದರೆ, ಕೀಪರ್‌ಗೆ ಅವಕಾಶ ಸಿಗುವುದೇ ಕಡಿಮೆ. ಹನ್ನೊಂದು ಜನರಲ್ಲಿ ಒಬ್ಬರೇ ಕೀಪರ್. ಮುಂದೆ ಆಡುವವರು ಎರಡನೇ ಅರ್ಧದಲ್ಲಿ ಇಪ್ಪತ್ತು ನಿಮಿಷವಾದರೂ ಇಳಿಯುತ್ತಾರೆ. ಎರಡನೇ ಕೀಪರ್ ಇಡೀ ಸೀಸನ್ ಬೆಂಚಿನ ಮೇಲೆ ಕೂರಬಹುದು. ಭಾರತದ ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು 2014ರಲ್ಲಿ ಈಸ್ಟ್ ಬೆಂಗಾಲ್ ಕ್ಲಬ್ ಬಿಟ್ಟು ನಾರ್ವೆಯ ಸ್ಟಾಬೆಕ್ ಕ್ಲಬ್ ಸೇರಿದಾಗ ಅಲ್ಲಿನ ಲೀಗ್ ಪಂದ್ಯ ಆಡಲು ಸುಮಾರು ಎರಡು ವರ್ಷ ಕಾದರು. 2016ರಲ್ಲಿ ಯುರೋಪಿನ ಕ್ಲಬ್‌ಗಳ ಟೂರ್ನಿಯಾದ ಯುರೋಪಾ ಲೀಗ್‌ನ ಅರ್ಹತಾ ಪಂದ್ಯ ಆಡಿದ ಮೊದಲ ಭಾರತೀಯ ಆದರು. ಅದೇ ವರ್ಷ ನಮ್ಮ ಬೆಂಗಳೂರು ಎಫ್‌ಸಿ, ಏಷ್ಯಾದ ಕ್ಲಬ್‌ಗಳ ಟೂರ್ನಿಯಾದ ಎಎಫ್‌ಸಿ ಕಪ್‌ನ ಫೈನಲ್ ತಲುಪಿತು. ಭಾರತದ ಯಾವ ಕ್ಲಬ್ಬೂ ಅಲ್ಲಿವರೆಗೆ ಹೋಗಿರಲಿಲ್ಲ. ಮೊದಲ ಕೀಪರ್ ಅಮರಿಂದರ್ ಸಿಂಗ್‌ಗೆ ಆ ಪಂದ್ಯಕ್ಕೆ ನಿಷೇಧ ಇತ್ತು. ದೋಹಾದ ಫೈನಲ್‌ನಲ್ಲಿ ಗೋಲ್ ಕಾದಿದ್ದು ಲಾಲ್‌ತುಆಮಾವಿಯಾ ರಾಲ್ಟೆ. ಇರಾಕಿನ ತಂಡದ ಎದುರು 1-0ಯಲ್ಲಿ ಸೋತೆವು. ಆದರೆ ರಾಲ್ಟೆ ಅವತ್ತು ಆಡಿದ ರೀತಿ ನೆನೆದರೆ ಈಗಲೂ ಎದೆ ಉಬ್ಬುತ್ತದೆ. ಯಾವ ದಿನ ಕರೆ ಬರುತ್ತದೆ ಗೊತ್ತಿಲ್ಲ. ಬಂದ ದಿನ ಕೈಯಲ್ಲಿ ಸರಿಯಾದ ಗ್ಲೌಸ್ ಇರಬೇಕು, ಅಷ್ಟೇ ನಾನು ಹೇಳುವುದು.

2023ರ ಜುಲೈ 4ರಂದು ನಾನು ಕಂಠೀರವ ಸ್ಟೇಡಿಯಂನಲ್ಲಿದ್ದೆ. ದಕ್ಷಿಣ ಏಷ್ಯಾದ ಫುಟ್‌ಬಾಲ್ ಟೂರ್ನಿ ಸ್ಯಾಫ್‌ನ ಫೈನಲ್, ಭಾರತ ಮತ್ತು ಕುವೈತ್. 1-1 ಆಗಿ ಪೆನಾಲ್ಟಿ ಶೂಟೌಟ್‌ಗೆ ಹೋಯಿತು. ಐದೈದು ಹೊಡೆದ ಮೇಲೂ ಸಮ. ನಮ್ಮ ಮಹೇಶ್ ಸಿಂಗ್ ಆರನೆಯದನ್ನು ಹಾಕಿದರು. ಆಮೇಲೆ ಗುರ್‌ಪ್ರೀತ್ ಎಡಕ್ಕೆ ಹಾರಿ ಕುವೈತ್‌ನ ಹೊಡೆತ ತಡೆದರು. 5-4. ಇಡೀ ಸ್ಟೇಡಿಯಂ ಎದ್ದು ನಿಂತಿತ್ತು, ಪಕ್ಕದಲ್ಲಿದ್ದ ಗುರುತಿಲ್ಲದ ಅಜ್ಜಿ ನನ್ನನ್ನು ತಬ್ಬಿಕೊಂಡರು. ಮನೆಗೆ ಬಂದು ಆ ಸೇವ್‌ನ ವಿಡಿಯೋ ನಿಲ್ಲಿಸಿ ನಿಲ್ಲಿಸಿ ನೋಡಿದೆ. ಆರೂವರೆ ಅಡಿ ಹತ್ತಿರದ ಮನುಷ್ಯ, ಆ ಕೈಗೆ ತಕ್ಕ ಗ್ಲೌಸ್. ಅಂಗಡಿಗಳಲ್ಲಿ ಇರುವುದೂ ಆ ಕೈಗಳಿಗೆ ತಕ್ಕದ್ದೇ. ಅವತ್ತು ನನಗೆ ಅದು ಹೊಳೆಯಲಿಲ್ಲ. ಇನ್ನೂ ಗಟ್ಟಿಯಾಗಿ ಟವೆಲ್ ಹಿಂಡಬೇಕು ಅಂದುಕೊಂಡು ಮಲಗಿದೆ.

ಹೆಣ್ಣುಮಕ್ಕಳಲ್ಲಿ ನಾವು ನೋಡಿ ಬೆಳೆದದ್ದು ಭಾರತದ ಗೋಲ್‌ಕೀಪರ್ ಅದಿತಿ ಚೌಹಾಣ್ ಅವರನ್ನು. 2015ರಲ್ಲಿ ಇಂಗ್ಲೆಂಡಿನ ವೆಸ್ಟ್ ಹ್ಯಾಮ್ ಮಹಿಳಾ ತಂಡ ಸೇರಿದರು. ನಾನು ಆಗ ಕಾಲೇಜಿನಲ್ಲಿದ್ದೆ. ಅವರ ಫೋಟೋ ನನ್ನ ಹಾಸ್ಟೆಲ್ ಕಪಾಟಿನ ಒಳಬಾಗಿಲಿಗೆ ಅಂಟಿಸಿದ್ದೆ. 2025ರಲ್ಲಿ ಅವರು ಆಟದಿಂದ ನಿವೃತ್ತಿ ಹೇಳಿದ ದಿನ ಶಾಲೆಯಲ್ಲಿ ಮಧ್ಯಾಹ್ನದ ಊಟ ಸೇರಲಿಲ್ಲ.

ನಮ್ಮ ಶಾಲೆಯ ತಂಡದಲ್ಲಿ ಈಗ ಹದಿಮೂರು ವರ್ಷದ ಒಬ್ಬಳು ಕೀಪರ್ ಇದ್ದಾಳೆ. ಅವಳ ಅಪ್ಪ ಮಾಗಡಿ ರಸ್ತೆಯಲ್ಲಿ ಆಟೋ ಓಡಿಸುತ್ತಾರೆ. ಅವಳು ಬರಿಗೈಯಲ್ಲೇ ಆಡುತ್ತಿದ್ದಳು. ಒಂದು ದಿನ ಕೇಳಿದಳು, "ಮಿಸ್, ಗ್ಲೌಸ್ ಇಲ್ಲದೆ ಆಡಿದರೆ ಫೌಲಾ?" ಇಲ್ಲ ಅಂದೆ. ನಿಯಮದಲ್ಲಿ ಶರ್ಟು, ಚಡ್ಡಿ, ಸಾಕ್ಸ್, ಶಿನ್ ಗಾರ್ಡ್, ಶೂ ಇಷ್ಟೇ ಕಡ್ಡಾಯ, ಗ್ಲೌಸ್ ಕಡ್ಡಾಯ ಅಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ನಮ್ಮ ಮೈಸೂರು ರಾಜ್ಯದ ಕೆ.ವಿ. ವರದರಾಜ್ ಭಾರತದ ಗೋಲ್ ಕಾದಾಗ ನಮ್ಮ ತಂಡದ ಹೆಚ್ಚಿನವರ ಕಾಲಲ್ಲಿ ಶೂ ಕೂಡ ಇರಲಿಲ್ಲ ಅಂತ ಅವಳಿಗೆ ಹೇಳಿದೆ. ಜರ್ಮನಿಯ ಸೆಪ್ ಮೈಯರ್ 1970ರ ದಶಕದಲ್ಲಿ ದೊಡ್ಡ ದೊಡ್ಡ ಗ್ಲೌಸ್ ಹಾಕಿ ಆಡಿದ ಮೇಲೆ ಎಲ್ಲರಿಗೂ ಅದರ ರೂಢಿ ಬಂತು. 2004ರ ಯೂರೋ ಕಪ್‌ನಲ್ಲಿ ಪೋರ್ಚುಗಲ್‌ನ ಕೀಪರ್ ರಿಕಾರ್ಡೊ ಶೂಟೌಟ್ ನಡುವೆ ಗ್ಲೌಸ್ ಬಿಚ್ಚಿ, ಬರಿಗೈಯಲ್ಲಿ ಇಂಗ್ಲೆಂಡಿನ ಪೆನಾಲ್ಟಿ ತಡೆದು, ಮುಂದಿನ ಪೆನಾಲ್ಟಿಯನ್ನು ತಾವೇ ಹೊಡೆದು ಗೆಲ್ಲಿಸಿದ ಕಥೆಯನ್ನೂ ಹೇಳಿದೆ. ಅವಳ ಕಣ್ಣು ಅರಳಿತು. ಆದರೆ ಅವಳ ಅಂಗೈ ನೋಡಿದರೆ ಟರ್ಫ್‌ನಲ್ಲಿ ಉಜ್ಜಿ ಚರ್ಮ ಎದ್ದಿತ್ತು. ಕಥೆ ಹೇಳಿ ಕಳಿಸಿದರೆ ಆಗುವುದಿಲ್ಲ ಅನ್ನಿಸಿತು.

ನನ್ನ ಹಳೇ ಎಂಟನೇ ನಂಬರ್ ಜೊತೆ ಕೊಡೋಣ ಅಂತ ಬ್ಯಾಗಿಗೆ ಹಾಕಿಕೊಂಡೆ. ಶಾಲೆಗೆ ಹೋಗುವ ದಾರಿಯಲ್ಲೇ ಮನಸ್ಸು ಬದಲಾಯಿತು. ನನಗೆ ಹದಿಮೂರನೇ ವಯಸ್ಸಿನಲ್ಲಿ ಯಾರೋ ಪ್ರೀತಿಯಿಂದಲೇ ಕೊಟ್ಟಿದ್ದು ಅದೇ ಎಂಟನೇ ನಂಬರ್. ಟೇಪು ತಗೊಂಡು ಅವಳ ಕೈ ಅಳೆದೆ. ಅವಳದ್ದು ಆರಕ್ಕೆ ಸರಿಹೋಗುತ್ತದೆ.

ಖರ್ಚಿನ ಬಗ್ಗೆ ಒಂದು ಮಾತು. ಟರ್ಫ್‌ನಲ್ಲಿ ವಾರಕ್ಕೆ ನಾಲ್ಕು ದಿನ ಆಡುವವರಿಗೆ ಈ ದರ್ಜೆಯ ಒಂದು ಜೊತೆ ಒಂದು ಸೀಸನ್‌ಗಿಂತ ಹೆಚ್ಚು ಬರುವುದಿಲ್ಲ. ಎರಡು ಜೊತೆ ಇಟ್ಟುಕೊಂಡು, ಹಳೆಯದನ್ನು ಪ್ರಾಕ್ಟೀಸಿಗೆ, ಹೊಸದನ್ನು ಪಂದ್ಯಕ್ಕೆ ಹಾಕಿದರೆ ಒಂದೊಂದು ಜೊತೆಯನ್ನೂ ಒಂದೂವರೆ ಸೀಸನ್ ಎಳೆಯಬಹುದು. ಹುಲ್ಲಿನ ಮೈದಾನ ಸಿಕ್ಕವರು ಪುಣ್ಯವಂತರು, ಅವರಿಗೆ ಇನ್ನೂ ಬರುತ್ತದೆ. ಬರೀ ಭಾನುವಾರ ಗೆಳೆಯರ ಜೊತೆ ಆಡುವವರಾದರೆ ಇಷ್ಟು ದುಡ್ಡು ಹಾಕಬೇಡಿ. ಎಂಟುನೂರು, ಸಾವಿರದ ರಬ್ಬರ್ ಅಂಗೈ ಸಾಕು. ಆದರೆ ಅದರಲ್ಲೂ ಸೈಜ್ ನೋಡಿ.

ಅಂಗಡಿಯ ಬಗ್ಗೆಯೂ ಹೇಳಬೇಕು. ಪಾರ್ಕಿಂಗ್ ಇಲ್ಲ, ಬಸ್ಸಿನಲ್ಲೋ ಮೆಟ್ರೋದಲ್ಲೋ ಹೋಗಿ ಸ್ವಲ್ಪ ನಡೆಯಿರಿ. ಮಧ್ಯಾಹ್ನ ಒಂದೂವರೆಯಿಂದ ಮೂರರವರೆಗೆ ಊಟಕ್ಕೆ ಮುಚ್ಚುತ್ತಾರೆ. ಯಜಮಾನರು ಚೌಕಾಸಿ ಮಾಡಿದರೆ ಬೇಸರಪಡುವುದಿಲ್ಲ. ಅದಕ್ಕಿಂತ ಮುಖ್ಯ, ನಿಮಗೆ ಆಗದ ಮಾಲನ್ನು ಅವರು ಮಾರುವುದಿಲ್ಲ. ನನ್ನ ಎದುರಿಗೇ ಒಬ್ಬ ಹುಡುಗ 4,500ರ ಜೊತೆ ಕೇಳಿದಾಗ, "ನಿನ್ನ ಕೈಗೆ ಇದು ದೊಡ್ಡದಪ್ಪ, ಬರುವ ತಿಂಗಳು ಬಾ" ಅಂತ ವಾಪಸ್ ಕಳಿಸಿದರು.

ಹೋದ ಶನಿವಾರ ಮತ್ತೆ ಹೋಗಿದ್ದೆ. ಆ ತೂತು ಬಿದ್ದ ಎಡಗೈ ಗ್ಲೌಸ್ ತೋರಿಸಿದೆ. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿ, "ಚೆನ್ನಾಗಿ ದುಡಿಸಿದ್ದೀರಿ" ಅಂದರು. ಬಲಗೈ ಗ್ಲೌಸ್‌ನ ಹೆಬ್ಬೆರಳಿನ ನೈಲಾನ್ ಹೊಲಿಗೆಯನ್ನು ಬೆರಳಲ್ಲಿ ಸವರಿ ನೋಡಿ ತಲೆಯಾಡಿಸಿದರು. ಚಿಕ್ಕ ಸೈಜುಗಳು ಇದೆಯಾ ಅಂತ ಕೇಳಿದೆ. ನನ್ನ ಹಿಂದೆ ಇನ್ನೂ ಮೂರು ಜನ ಹೆಣ್ಣುಮಕ್ಕಳು ಬಂದು ಕೇಳಿದ್ದರಂತೆ. ಅದಕ್ಕೆ ಈ ಸಲ ಆರು ಮತ್ತು ಏಳು, ಎರಡರಲ್ಲೂ ನಾಲ್ಕು ನಾಲ್ಕು ಜೊತೆ ತರಿಸುತ್ತಿದ್ದಾರೆ. ಮುಂದಿನ ಗುರುವಾರ ಮಾಲು ಬರುತ್ತದೆ. ಏಳರಲ್ಲಿ ಒಂದು, ಆರರಲ್ಲಿ ಒಂದು ಎತ್ತಿಡಿ ಅಂತ ಐನೂರು ರೂಪಾಯಿ ಮುಂಗಡ ಕೊಟ್ಟು ಬಂದಿದ್ದೇನೆ.